ಒಗೆಯೋ ಕಲ್ಲಿನ ಮೇಲೆ ಟರ್ಬೊ

ನಮ್ಮ ಹಿತ್ತಲ ಒಗೆಯೋ ಕಲ್ಲಿನ ಮೇಲೆ ಈ ಹದಿನಾರು ವರ್ಷದಲ್ಲಿ ಏನೇನು ತೊಳೆದಿದ್ದೀನಿ ಅಂತ ಲೆಕ್ಕ ಹಾಕೋಕೆ ಹೋದ್ರೆ ಮುಗಿಯಾಕಿಲ್ಲ. ಬಟ್ಟೆ ಬುಡಿ, ಅದು ದಿನಾ ಇದ್ದಿದ್ದೇ. ಹಬ್ಬ ಬಂದ್ರೆ ಹಂಡೆ, ಕೊಳದಪ್ಪಲೆ. ಮಳೇಲಿ ನೆಂದ ತಾರ್ಪಾಲು, ಮಣ್ಣು ಮೆತ್ಕಂಡಿರೋ ಶುಂಠಿ, ಮಗಳ ಸ್ಕೂಲ್ ಬ್ಯಾಗು. ಈ ಸಲ ಅದರ ಮೇಲೆ ಒಂದು ಟರ್ಬೊ ಕೂತಿತ್ತು.

ಹೋದ ಸಲ ನೆಲ್ಲಿಕಾಯಿ ಉಪ್ಪಿನಕಾಯಿ ಬರೀತೀನಿ ಅಂದಿದ್ದೆ. ನೆಲ್ಲಿಕಾಯಿ ಎಲ್ಲೂ ಹೋಗಲ್ಲ, ಮುಂದಿನ ಸಲ ಬರೀತೀನಿ. ಇದನ್ನ ಮೊದಲು ಕೇಳಿ. ನಿಮ್ಮಲ್ಲಿ ಅರ್ಧ ಜನರ ಮನೆ ಮುಂದೆ ಡೀಸೆಲ್ ಗಾಡಿ ನಿಂತದೆ, ಅದರೊಳಗೆ ಈ ಸಾಮಾನು ಅದೆ. ಅದು ಕೆಟ್ಟಾಗ ಹೋಗೋದು ಯಾರ ದುಡ್ಡು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಮೈದುನನದ್ದು ಒಂದು ಪಿಕಪ್ ಗಾಡಿ. ಹಳೇದೇ, ಸಾಲ ಮಾತ್ರ ಇನ್ನೂ ತೀರಿಲ್ಲ. ಬೇಸಗೇಲಿ ಶುಂಠಿ, ಮಳೆಗಾಲದಲ್ಲಿ ತರಕಾರಿ, ಹೊಗೆಸೊಪ್ಪಿನ ಹರಾಜು ಶುರುವಾದ್ರೆ ಅಕ್ಕಪಕ್ಕದವರ ಬೇಲು ತುಂಬ್ಕಂಡು ಕಟ್ಟೆಮಳಲವಾಡಿಗೆ. ಆ ಹರಾಜಿನ ನಾಲ್ಕು ತಿಂಗಳ ದುಡಿಮೆಯಲ್ಲೇ ವರ್ಷದ ಕಂತು ಹೊಂದಿಸೋದು. ಗೌರಿ ಹಬ್ಬ ಕಳೆದು ಒಂದು ವಾರಕ್ಕೆ ತರಕಾರಿ ತುಂಬ್ಕಂಡು ಮಡಿಕೇರಿಗೆ ಹೊಂಟಿದ್ದ. ಕುಶಾಲನಗರದ ತನಕ ಏನೂ ಇಲ್ಲ. ಸುಂಟಿಕೊಪ್ಪ ದಾಟಿ ಏರು ಸಿಕ್ಕಿದ ಮೇಲೆ ಬಾನೆಟ್ಟಿನೊಳಗಿಂದ ಸೀಟಿ ಊದಿದಂಗೆ ಸದ್ದು ಬಂತಂತೆ. ಆಮೇಲೆ ಎಷ್ಟು ಎಕ್ಸಲೇಟರ್ ತುಳಿದ್ರೂ ಎಳೀತಿಲ್ಲ. ಹಿಂದೆ ನೋಡಿದ್ರೆ ನೀಲಿ ಹೊಗೆ, ಹಿಂದಿನ ಬಸ್ಸೇ ಕಾಣ್ತಿಲ್ಲ. ಪುಣ್ಯಕ್ಕೆ ಅಲ್ಲೇ ನಿಲ್ಲಿಸಿ ಆಫ್ ಮಾಡ್ದ. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಹುಣಸೂರಿಗೆ ಎಳ್ಕಂಡು ಬಂದ್ರು. ತರಕಾರಿ ಅರ್ಧ ಬಾಡಿತ್ತು.

ಗ್ಯಾರೇಜಿನಲ್ಲಿ ಬಿಚ್ಚಿ ನೋಡಿ, ಟರ್ಬೊ ಹೋಗದೆ ಅಂದ್ರು.

ಟರ್ಬೊ ಅಂದ್ರೆ ಏನು ಅಂತ ನಮ್ಮತ್ತೆ ಕೇಳಿದ್ರು. ಮೈದುನ ಇಂಟರ್‌ಕೂಲರು, ಬೂಸ್ಟು ಅಂತ ಏನೇನೋ ಹೇಳ್ದ, ಅವರ ತಲೆಗೆ ಹೋಗಲಿಲ್ಲ. ನಾನು ಹೇಳಿದ್ದು ಹಿಂಗೆ. ಒಲೆಗೆ ಊದುಕೊಳವೆ ಇದ್ದಂಗೆ ಇದು ಇಂಜಿನ್ನಿಗೆ. ಗಾಳಿ ಹೆಚ್ಚು ಹೋದ್ರೆ ಉರಿ ಚೆನ್ನಾಗಿ ಹತ್ತುತದೆ, ಅಷ್ಟೇ ಡೀಸೆಲ್ಲಿಗೆ ಎಳೆತ ಜಾಸ್ತಿ. ಆದ್ರೆ ಇಲ್ಲಿ ಊದೋಕೆ ಮನುಷ್ಯರು ಬೇಡ. ಇಂಜಿನ್ನಿಂದ ಆಚೆ ಹೋಗೋ ಹೊಗೆ ಒಂದು ಕಡೆಯ ಚಕ್ರ ತಿರುಗಿಸ್ತದೆ. ಅದೇ ಕಡ್ಡಿಯ ಇನ್ನೊಂದು ತುದೀಲಿರೋ ಚಕ್ರ ಹೊರಗಿನ ಗಾಳೀನ ಒಳಕ್ಕೆ ತುರುಕ್ತದೆ. ಒಲೆ ಊದೋಕೆ ಹೊಗೆಯನ್ನೇ ಕೂಲಿಗೆ ಇಟ್ಕಂಡಂಗೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಅನ್ನೋ ಇಂಜಿನಿಯರು 1905ರಲ್ಲೇ ಇದಕ್ಕೆ ಪೇಟೆಂಟ್ ತಕಂಡಿದ್ನಂತೆ. ಮೊದಲು ಹಡಗು, ರೈಲಿನಂಥ ದೊಡ್ಡ ಇಂಜಿನ್ನಿಗೆ ಬಂತು, ಆಮೇಲೆ ಲಾರಿ ಕಾರಿಗೆ, ಈಗ ನಮ್ಮೂರ ತರಕಾರಿ ಗಾಡಿಗೆ.

ಹೊಸದಕ್ಕೆ ಎಷ್ಟು ಅಂತ ಕೇಳಿ ನಮ್ಮನೆಯವರು ಜಗಲಿ ಮೇಲೆ ಕೂತ್ಬುಟ್ರು. ಕೊನೆಗೆ ಮೈಸೂರಿನ ಗುಜರೀಲಿ ಅದೇ ಗಾಡೀದು ಒಂದು ಸಿಕ್ತು. ಮುಂದೆ ಗುದ್ದಿಸ್ಕಂಡು ಜಖಂ ಆಗಿದ್ದ ಗಾಡಿಯಿಂದ ಬಿಚ್ಚಿದ್ದು, ಹೊಸದರ ಮೂರನೇ ಒಂದು ಪಾಲು ರೇಟು. ಟರ್ಬೊ ಮೈಮೇಲೆ ಒಂದು ತಗಡಿನ ಚೀಟಿ ಇರ್ತದೆ, ಅದರಲ್ಲಿ ನಂಬರು ಕೆತ್ತಿರ್ತದೆ. ನೋಡೋಕೆ ಒಂದೇ ಥರ ಇದ್ರೆ ಸಾಲದು, ಆ ನಂಬರ್ ಕೂಡ್ಬೇಕು. ನಮ್ಮ ಮೈದುನ ಹಳೇದರ ಚೀಟಿ ಫೋಟೊ ತೆಕ್ಕಂಡು ಹೋಗಿದ್ದ, ಕೂಡ್ತು.

ಆ ದುಡ್ಡು ಬಂದಿದ್ದು ನಮ್ಮ ಓರಗಿತ್ತಿ ಓಲೆಯಿಂದ. ತವರಿನಲ್ಲಿ ಹಾಕಿದ ಓಲೆ. ಯಾರೂ ಕೇಳಲಿಲ್ಲ, ಅವಳೇ ಬಿಚ್ಚಿ ಡಬ್ಬೀಲಿಟ್ಟು ಗಂಡನ ಕೈಗೆ ಕೊಟ್ಲು, ಸೊಸೈಟೀಲಿ ಅಡ ಇಟ್ರು. ಸಂಜೆ ಬೇವಿನ ಕಡ್ಡಿ ಮುರಿದು ಕಿವಿ ತೂತಿಗೆ ಸಿಕ್ಕಿಸ್ಕಂಡು ರೊಟ್ಟಿ ತಟ್ತಾ ಕೂತಿದ್ಲು. ನಾನು ಏನೂ ಮಾತಾಡಲಿಲ್ಲ. ಏನು ಮಾತಾಡೋದು ಹೇಳಿ.

ಟರ್ಬೊ ಅಕ್ಕಿ ಚೀಲದಲ್ಲಿ ಸುತ್ತಿ ಮನೆಗೆ ಬಂತು. ಬಿಚ್ಚಿ ನೋಡಿದ್ರೆ ಎರಡು ಶಂಖ ಬೆನ್ನಿಗೆ ಬೆನ್ನು ಕೊಟ್ಟು ಕೂತಂಗೆ ಅದೆ. ಒಂದು ಅಲ್ಯೂಮಿನಿಯಂದು, ಗಾಳಿ ಹೋಗೋ ಕಡೆ. ಇನ್ನೊಂದು ಬೀಡು ಕಬ್ಬಿಣದ್ದು, ಹೊಗೆ ಕಡೆ. ಮೈಯೆಲ್ಲ ಮಸಿ, ಜಿಡ್ಡು, ಮಣ್ಣು. ಮೈದುನ ನಾಳೆ ಬೆಳಗ್ಗೆನೇ ಗ್ಯಾರೇಜಿಗೆ ಒಯ್ದು ಹಾಕಿಸ್ಬುಡ್ತೀನಿ ಅಂದ. ಆಗ ನಮ್ಮತ್ತೆ ಒಂದು ಮಾತು ಕೇಳಿದ್ರು.

"ಲೇ ಮಗ, ಎರಡನೇ ಸಂಬಂಧಕ್ಕೆ ಎಣ್ಣು ಕೊಡೋರು ಮೊದಲನೇವಳು ಎಂಗೆ ಸತ್ಲು ಅಂತ ವಿಚಾರಿಸ್ದೆ ಕೊಟ್ಟಾರಾ? ಅಳೇದು ಯಾಕೆ ಸತ್ತೋಯ್ತು ಅಂತ ಕೇಳ್ದೇನ್ಲಾ?"

ಮೈದುನ ನಕ್ಕುಬುಟ್ಟ. ನನಗೆ ನಗು ಬರಲಿಲ್ಲ. ಗುಜರಿಯಿಂದ ಬಂದ ಈ ಸಾಮಾನು ಕೆಟ್ಟದ್ದೋ ಒಳ್ಳೇದೋ ಅಂತ ಎಲ್ಲರೂ ಅದನ್ನೇ ತಿರುಗಿಸಿ ತಿರುಗಿಸಿ ನೋಡ್ತಿದ್ರು. ನಮ್ಮ ಗಾಡಿಯೊಳಗೇ ಏನಾರ ಇದ್ರೆ? ಮೊದಲನೇದನ್ನ ಕೊಂದಿದ್ದು ಇದನ್ನ ಬಿಟ್ಟಾದೇ? ಓಲೆ ಒಂದೇ ಜೊತೆ ಇದ್ದಿದ್ದು.

ಮಾರನೇ ದಿನ ಮೈದುನನ ಜೊತೆ ನಾನೂ ಗ್ಯಾರೇಜಿಗೆ ಹೋದೆ. ಗ್ಯಾರೇಜಿನ ಅಣ್ಣ ವಯಸ್ಸಾದವರು, ಮೊದಲು ನನ್ನ ನೋಡಿ "ಕೂತ್ಕಳಿ ಅಕ್ಕ, ಟೀ ತರಿಸ್ತೀನಿ" ಅಂದ್ರು. ಟೀ ಬೇಡಣ್ಣ, ಹಳೇದು ಯಾಕೆ ಹೋಯ್ತು ಅಂತ ತೋರ್ಸಿ ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದ್ರು. ಆಮೇಲೆ ಹಳೇ ಟರ್ಬೊ ತಂದು ಮುಂದಿಟ್ಟು ಎಲ್ಲ ಹೇಳಿಕೊಟ್ರು. ಒಳ್ಳೆ ಮೇಷ್ಟ್ರು ಆಗಬೇಕಾಗಿದ್ದ ಮನುಷ್ಯ.

ಎರಡು ಚಕ್ರದ ಮಧ್ಯ ಇರೋ ಕಡ್ಡಿಗೆ ಶಾಫ್ಟು ಅಂತಾರೆ. ನಮ್ಮ ಮಿಕ್ಸಿ ಎಷ್ಟು ಜೋರಾಗಿ ಹಾಕಿದ್ರೂ ನಿಮಿಷಕ್ಕೆ ಸುಮಾರು 20,000 ಸುತ್ತು. ಈ ಶಾಫ್ಟು ಗಾಡಿ ಏರು ಹತ್ತೋವಾಗ 1 ಲಕ್ಷ ಸುತ್ತು ದಾಟ್ತದೆ. ಅಷ್ಟು ಜೋರಲ್ಲಿ ಲೋಹಕ್ಕೆ ಲೋಹ ತಾಗಿದ್ರೆ ಕ್ಷಣದಲ್ಲಿ ಮುಗೀತು. ಅದಕ್ಕೆ ಶಾಫ್ಟು ಎಣ್ಣೆ ಮೇಲೆ ತೇಲ್ತಾ ತಿರುಗ್ತದೆ. ಸುತ್ತ ಹಿತ್ತಾಳೆ ಬಣ್ಣದ ಬುಷ್ಷು, ಬುಷ್ಷಿಗೂ ಶಾಫ್ಟಿಗೂ ಮಧ್ಯ ತಲೆಗೂದಲಿಗಿಂತ ತೆಳ್ಳಗೆ ಇಂಜಿನ್ ಆಯಿಲ್ಲು. ಆ ಆಯಿಲ್ಲು ಬರೋದು ಒಂದು ಸಣ್ಣ ಪೈಪಿನಲ್ಲಿ, ನಮ್ಮ ಕಿರುಬೆರಳಿಗಿಂತ ಸಣ್ಣದು. ಇಳಿದು ವಾಪಸ್ ಹೋಗೋ ಪೈಪು ದಪ್ಪ, ಅಲ್ಲಿ ಎಣ್ಣೆ ತನ್ನಷ್ಟಕ್ಕೆ ಕೆಳಕ್ಕೆ ಸುರಿದು ಹೋಗಬೇಕು.

ಈಗ ಬ್ಯಾರನ್ ನೆನಸ್ಕಳಿ. ನಾವು ಹೊಗೆಸೊಪ್ಪಿನ ಕಡ್ಡಿ ಒಣಗಿಸೋವಾಗ ಕೊನೇಲಿ ಎಷ್ಟು ಶಾಖ ಕೊಡ್ತೀವಿ? ಥರ್ಮಾಮೀಟರಿನಲ್ಲಿ ಸುಮಾರು 160, ಅದೂ ಫ್ಯಾರನ್‌ಹೀಟು. ಟರ್ಬೊದ ಹೊಗೆ ಕಡೆ ಶಾಖ ಲೋಡಿನಲ್ಲಿ 600 ಡಿಗ್ರಿ ಸೆಲ್ಸಿಯಸ್ ದಾಟ್ತದೆ. ಎಣ್ಣೆ ಹರೀತಾ ಇರೋ ತನಕ ಆ ಶಾಖನೂ ಜೊತೇಲಿ ತಕಂಡು ಹೋಗ್ತದೆ. ಏರು ಹತ್ತಿ ಬಂದು ತಟ್ಟನೆ ಆಫ್ ಮಾಡಿದ್ರೆ? ಎಣ್ಣೆ ನಿಂತೋಯ್ತದೆ, ಕಬ್ಬಿಣದ ಶಾಖ ನಿಲ್ಲಲ್ಲ. ನಿಂತ ಎಣ್ಣೆ ಅಲ್ಲೇ ಸೀದು ಕರಿ ಕಟ್ತದೆ. ಒಗ್ಗರಣೆ ಬಾಣಲೆ ತಳದಲ್ಲಿ ವರ್ಷಗಟ್ಟಲೆ ಕೂತಿರ್ತದಲ್ಲ ಕೆರೆದ್ರೂ ಬರದ ಕರಿ, ಅದೇ. ದಿನಾ ಒಂದು ಪದರ. ಕೊನೆಗೆ ಆ ಸಣ್ಣ ಪೈಪಿನ ಬಾಯಿ ಮುಚ್ಕಂಡು ಟರ್ಬೊ ಎಣ್ಣೆ ಇಲ್ದೆ ಬಾಯಾರಿ ಸಾಯ್ತದೆ.

ಅಣ್ಣ ನಮ್ಮ ಗಾಡಿ ಪೈಪು ಬಿಚ್ಚಿ ಕೈಗೆ ಕೊಟ್ರು. ಆಕಾಶಕ್ಕೆ ಹಿಡಿದು ನೋಡಿದೆ, ಬೆಳಕೇ ಕಾಣ್ತಿಲ್ಲ. ಮೈದುನ ಊದಿದ್ರೆ ಗಾಳಿ ಪೀಚು ಪೀಚು ಅಂತ ಒಂಚೂರು ಬಂತು. ಅಲ್ಲಿಗೆ ಅತ್ತೆ ಕೇಳಿದ್ದಕ್ಕೆ ಉತ್ತರ ಸಿಕ್ಕಂಗಾಯ್ತು. ಗುಜರಿ ಟರ್ಬೊ ಬುಡಿ, ಶೋರೂಮಿಂದ ಪೆಟ್ಟಿಗೆ ಒಡೆದು ಹೊಸದು ತಂದು ಹಾಕಿದ್ರೂ ಅದೇ ಪೈಪಿಗೆ ಸಿಕ್ಕಿಸಿದ್ರೆ ಸಾಯೋದೇ.

ಮೈದುನನ ಮುಖ ಸಣ್ಣಗಾಯ್ತು. ಬಂದ ತಕ್ಷಣ ಕೀ ತಿರುಗಿಸಿ ಇಳಿಯೋದು ಅವನ ರೂಢಿ, ಆಯಿಲ್ ಬದಲಾಯ್ಸೋದನ್ನೂ ಮುಂದಿನ ತಿಂಗಳು ಮುಂದಿನ ತಿಂಗಳು ಅಂತ ತಳ್ಳಿದ್ದ. ನಾನು ಅದನ್ನ ಮನೇಲಿ ಎತ್ತಲಿಲ್ಲ. ಅವನ ಹೆಂಡ್ತಿಗೆ ಅವನೇ ಹೇಳ್ಕಂಡ.

ಪೈಪು ಹೊಸದು ಹಾಕೋದು ಅಂತ ಆಯ್ತು. ಸೀದ ಕರಿ ಎಷ್ಟು ಚುಚ್ಚಿದ್ರೂ ಒಂದು ಚೂರು ಒಳಗೆ ಉಳಿದು ಆಮೇಲೆ ಕಿತ್ಕಂಡು ಬತ್ತದಂತೆ, ಅದಕ್ಕೆ ಹಳೇದನ್ನ ತೊಳೆದು ಹಾಕೋದು ಬೇಡ ಅಂದ್ರು ಅಣ್ಣ. ಟರ್ಬೊ ತೊಳೆಯೋ ಕೂಲಿ ಮಾತ್ರ ಉಳಿಸಬೋದು, ಮನೇಲೇ ತೊಳ್ಕಂಡು ಬನ್ನಿ, ಶಾಫ್ಟಿನ ತಲೆ ನಟ್ಟು ಮಾತ್ರ ಮುಟ್ಟಬೇಡಿ ಅಂದ್ರು. ಆ ಚಕ್ರ, ಶಾಫ್ಟು ಎಲ್ಲ ಕೂಡಿಸಿ ತೂಕ ಸಮ ಮಾಡಿರ್ತಾರೆ. ಒಂದ್ಸಲ ಬಿಚ್ಚಿದ್ರೆ ಆ ಸಮ ತಪ್ಪೋಯ್ತದೆ, 1 ಲಕ್ಷ ಸುತ್ತಿನಲ್ಲಿ ಅದು ಒಡೆದೇ ತೀರ್ತದೆ.

ಹಂಗೆ ಆ ಟರ್ಬೊ ಒಗೆಯೋ ಕಲ್ಲಿಗೆ ಬಂದಿದ್ದು.

ತೊಳೆಯೋದು ಅಂದ ತಕ್ಷಣ ಕೊಳಾಯಿ ಕೆಳಗೆ ಹಿಡಿದುಬುಡೋದು ಅಂತ ತಿಳ್ಕಬೇಡಿ. ಪಕ್ಕದ ಮನೆಯವರು ಶುಂಠಿ ತೊಳೆಯೋ ಕಡೆ ಒಯ್ದು ಪ್ರೆಶರ್ ನೀರಲ್ಲಿ ಒಂದೇಟು ಹೊಡಿಸ್ಬುಡಿ, ಫಳಫಳ ಅಂತದೆ ಅಂದ್ರು. ಫಳಫಳ ಅಂತದೆ ನಿಜ. ಆದ್ರೆ ಆ ನೀರಿನ ಜೊತೆ ಮರಳು ಬುಷ್ಷಿನೊಳಗೆ ಹೋದ್ರೆ ಆಚೆ ಬರಲ್ಲ, ನೀರು ನಿಂತ್ರೆ ತುಕ್ಕು. ಇನ್ನೊಬ್ಬರು ಚರಂಡಿ ಕಟ್ಟಿದಾಗ ಹಾಕ್ತಾರಲ್ಲ ಆ ಕಾಸ್ಟಿಕ್ ಸೋಡದಲ್ಲಿ ನೆನೆಹಾಕಿ ಅಂದ್ರು. ವಾಷಿಂಗ್ ಸೋಡ ಹಾಕಿ ಅಲ್ಯೂಮಿನಿಯಂ ಡಬರಿ ಉಜ್ಜಿದವರಿಗೆ ಗೊತ್ತು, ಡಬರಿ ಹೊಳೆಯೋ ಬದಲು ಕಪ್ಪಿಡೀತದೆ. ಕಾಸ್ಟಿಕ್ ಅದಕ್ಕಿಂತ ಕ್ರೂರ, ಅಲ್ಯೂಮಿನಿಯಂ ತಿಂದೇ ಹಾಕ್ತದೆ. ಗಾಳಿ ಕಡೆಯ ಶಂಖ, ಒಳಗಿನ ಚಕ್ರ ಎರಡೂ ಅಲ್ಯೂಮಿನಿಯಂದೇ. ಚಕ್ರದ ರೆಕ್ಕೆ ಅಂಚು ಅಷ್ಟು ತೆಳ್ಳಗಿರ್ತದೆ. ಪೆಟ್ರೋಲು ಬೇಡವೇ ಬೇಡ, ಬೆಂಕಿ ಅಪಾಯ. ಸೀಮೆಎಣ್ಣೆ ಈಗ ಸಿಗೋದೇ ಕಷ್ಟ. ಉಳಿದಿದ್ದು ಡೀಸೆಲ್ಲು. ಅದನ್ನೂ ಒಲೆಯಿಂದ ದೂರ, ಬಯಲಲ್ಲಿ, ಕೈಗೆ ಪ್ಲಾಸ್ಟಿಕ್ ಗ್ಲೌಸು ಹಾಕ್ಕಂಡು. ಮಕ್ಕಳನ್ನ ಅವತ್ತು ಅವರ ಸೋದರತ್ತೆ ಮನೆಗೆ ಕಳಿಸಿದ್ವಿ.

ಮೊದಲು ಎಲ್ಲ ತೂತಿಗೂ ಬಟ್ಟೆ ಉಂಡೆ ಗಿಡಿದು, ಮೇಲಿನ ಮಣ್ಣು ಜಿಡ್ಡು ಡೀಸೆಲ್ ಹಚ್ಚಿ ಉಜ್ಜಿ ಒರೆಸಿದ್ವಿ. ಹೊರಗಿನ ಕೊಳೆ ಹೋಗೋಕೆ ಮುಂಚೆ ಬಿಚ್ಚಿದ್ರೆ ಅದೇ ಮಣ್ಣು ಒಳಕ್ಕೆ ಬೀಳ್ತದೆ. ಪಕ್ಕದಲ್ಲಿ ಒಂದು ಡಬ್ಬಿ, ಅದರಿಂದ ಒಂದು ಕಡ್ಡಿ ಬಂದಿರ್ತದೆ, ಹೆಚ್ಚಾದ ಹೊಗೇನ ಪಕ್ಕಕ್ಕೆ ಬಿಡೋ ಬಾಗಿಲಿನದು. ಆ ಕಡ್ಡಿ ಹಿಡ್ಕಂಡು ಟರ್ಬೊ ಎತ್ತಬಾರದು, ಕರುವನ್ನ ಬಾಲ ಹಿಡಿದು ಎತ್ತಿದಂಗೆ. ಅದರ ಉದ್ದ ಒಂಚೂರು ಹೆಚ್ಚುಕಮ್ಮಿ ಆದ್ರೂ ಗಾಡಿ ಎಳೆತವೇ ಬದಲಾಯ್ತದೆ.

ಆಮೇಲೆ ಎರಡು ಶಂಖವೂ ಮಧ್ಯದ ತುಂಡಿಗೆ ಎಲ್ಲಿ ಕೂಡ್ತವೆ ಅಲ್ಲಿ ಮೊಳೆಯಿಂದ ಗೀಟು ಹಾಕಿದ್ವಿ. ಮತ್ತೆ ಜೋಡಿಸೋವಾಗ ಗೀಟಿಗೆ ಗೀಟು ಕೂಡಬೇಕು, ಇಲ್ದಿದ್ರೆ ಪೈಪುಗಳ ಬಾಯಿ ಬೇರೆ ದಿಕ್ಕಿಗೆ ತಿರುಗಿರ್ತವೆ. ಮೈದುನ ನಟ್ಟು ಬಿಚ್ಚಿದ. ಹೊಗೆ ಕಡೆಯ ನಟ್ಟು ತುಕ್ಕು ಹಿಡಿದು ಬರಲಿಲ್ಲ, ರಾತ್ರಿ ಎಣ್ಣೆ ಬಿಟ್ಟು ನೆನೆಯೋಕೆ ಬಿಟ್ಟು ಬೆಳಗ್ಗೆ ಬಿಚ್ಚಿದ್ದು. ಅವಸರ ಮಾಡಿ ಸುತ್ತಿಗೇಲಿ ಹೊಡೆದಿದ್ರೆ ಓಲೆ ಅಲ್ಲೇ ಮುರೀತಿತ್ತು.

ಶಂಖ ಎರಡನ್ನೂ ಹಳೇ ಬೋಗುಣೀಲಿ ಡೀಸೆಲ್ ಹುಯ್ದು ನೆನೆಹಾಕಿದ್ವಿ. ಅಲ್ಯೂಮಿನಿಯಂದು ಹಲ್ಲುಜ್ಜೋ ಬ್ರಷ್ಷಿಗೇ ಬೆಳ್ಳಗಾಯ್ತು. ಕಬ್ಬಿಣದ ಶಂಖದೊಳಗೆ ಗಟ್ಟಿ ಮಸಿ, ಬ್ಯಾರನ್ ಕೊಳವೇಲಿ ಕೂತಿರ್ತದಲ್ಲ ಹಂಗೇ. ಇದೊಂದನ್ನ ಮಾತ್ರ ತಂತಿ ಬ್ರಷ್ಷಿನಲ್ಲಿ ಉಜ್ಜಬೋದು, ಒಳಗೆ ಬಿರುಕು ಬಿಟ್ಟದೆಯಾ ಅಂತ ಬೆಳಕಿಗೆ ಹಿಡಿದು ನೋಡಬೇಕು. ಇರಲಿಲ್ಲ.

ಮಧ್ಯದ ತುಂಡೇ ಪ್ರಾಣ. ಅದನ್ನ ನೆನೆಹಾಕಬಾರದು. ಅದುವರೆಗೂ ಓರಗಿತ್ತಿ ಅಡಿಗೆಮನೆ ಬಾಗಿಲಲ್ಲಿ ನಿಂತ್ಕಂಡು ನೋಡ್ತಿದ್ಲು. ಈ ತುಂಡು ಎತ್ಕಂಡಾಗ ಹತ್ರ ಬಂದು, "ಅಕ್ಕ, ಇದನ್ನ ನಾನು ಮಾಡ್ತೀನಿ ಕೊಡಿ" ಅಂದ್ಲು. ಕೊಟ್ಟೆ. ಅವಳ ಕೈ ನನಗಿಂತ ನಯ, ಶ್ಯಾವಿಗೆ ಎಳೆಯೋ ಕೈ ಅದು. ಮೆತ್ತನೆ ಬ್ರಷ್ಷು ಡೀಸೆಲ್ಲಿಗೆ ಅದ್ದಿ ಒಂದೊಂದೇ ರೆಕ್ಕೆ ಒರೆಸಿದ್ಲು. ರೆಕ್ಕೆಗೆ ತಂತಿ ಬ್ರಷ್ಷು ಹಾಕಿದ್ರೂ ಗೀರು, ಚಾಕು ತಾಗಿಸಿದ್ರೂ ಗೀರು, ಆ ಗೀರೇ ಆಮೇಲೆ ತೂಕ ತಪ್ಪಿಸ್ತದೆ. ಹನ್ನೆರಡು ರೆಕ್ಕೆ, ಅರ್ಧ ಚಿಕ್ಕವು ಅರ್ಧ ದೊಡ್ಡವು, ಒಂದರ ಅಂಚೂ ಮುಕ್ಕಾಗಿಲ್ಲ. ಅವಳು ಎರಡೆರಡು ಸಲ ಎಣಿಸಿದ್ಲು.

ನಾರು ಬಿಡೋ ಬಟ್ಟೆ ಬಳಸಬೇಡಿ. ಗ್ಯಾರೇಜಿನ ಕಾಟನ್ ವೇಸ್ಟು ಅಂತೂ ಬೇಡ, ಒಂದು ಎಳೆ ಉಳಿದ್ರೂ ಎಣ್ಣೆ ದಾರಿ ಕಟ್ತದೆ. ನಮ್ಮ ಮಾವನ ಹಳೇ ಪಂಚೆ ಒಂದಿತ್ತು, ಸವೆದು ಸವೆದು ರೇಷ್ಮೆ ಆಗಿತ್ತು, ಅದನ್ನೇ ಹರಿದ್ವಿ.

ಮೈದುನ ಕಂಪ್ರೆಸರ್ ಗಾಳಿ ಹಿಡಿದು ಚಕ್ರ ಗಿರ್ರನೆ ತಿರುಗಿಸೋಣ, ಕೊಳೆ ಹಾರೋಯ್ತದೆ ಅಂದ. ಅಣ್ಣ ಅದನ್ನೂ ಮೊದಲೇ ಹೇಳಿದ್ರು, ಹಂಗೆ ಮಾಡಲೇಬೇಡಿ ಅಂತ. ಒಳಗೆ ಎಣ್ಣೆ ಇಲ್ಲ, ಒಣ ಬುಷ್ಷಿನ ಮೇಲೆ ಸಾವಿರಾರು ಸುತ್ತು ತಿರುಗಿದ್ರೆ ತೊಳೆಯೋವಾಗಲೇ ಸಾಯಿಸಿದಂಗೆ. ಬೆರಳಲ್ಲಿ ಮೆಲ್ಲಗೆ ತಿರುಗಿಸಬೇಕು ಅಷ್ಟೇ.

ಎಣ್ಣೆ ದಾರಿ ತೊಳೆಯೋದು ಹಿಂಗೆ. ಸಣ್ಣ ತೂತು ಮೇಲಕ್ಕೆ, ದಪ್ಪ ತೂತು ಕೆಳಕ್ಕೆ ಬರೋ ಹಂಗೆ ಹಿಡ್ಕಂಡು ಮೇಲಿಂದ ಶುದ್ಧ ಡೀಸೆಲ್ ಹುಯ್ತಾ, ಚಕ್ರ ಬೆರಳಲ್ಲಿ ತಿರುಗಿಸ್ತಾ ಇರಬೇಕು. ಮೊದಲನೇ ಲೋಟ ಕಾಫಿ ಡಿಕಾಕ್ಷನ್ ಥರ ಕರ್ರಗೆ ಬಂತು. ಹಂಗೇ ಚೆಲ್ಲಿಬುಡೋಕೆ ಮೈದುನ ಕೈ ಹಾಕಿದ, ಓರಗಿತ್ತಿ ತಡೆದ್ಲು. "ಸೋಸಿ ನೋಡನ ತಡೀರಿ" ಅಂದ್ಲು. ಪಂಚೆ ತುಂಡು ಎರಡು ಮಡಿ ಮಾಡಿ ಲೋಟಕ್ಕೆ ಕಟ್ಟಿ ಸೋಸಿದ್ವಿ. ಇದು ಗ್ಯಾರೇಜಿನ ಅಣ್ಣ ಹೇಳಿದ್ದಲ್ಲ, ತುಪ್ಪ ಸೋಸೋರ ಬುದ್ಧಿ. ಆಮೇಲೆ ಅಣ್ಣಂಗೆ ಹೇಳಿದ್ರೆ ಭಾರಿ ಖುಷಿಯಾಗಿ ಕೇಳಿದ್ರು.

ಬಟ್ಟೆ ಮೇಲೆ ಏನು ಉಳೀತದೆ ಅನ್ನೋದರಲ್ಲೇ ಎಲ್ಲ ಅದೆ. ಬರೀ ಕಪ್ಪು ಪುಡಿ ಇದ್ರೆ ಮಸಿ, ತೊಳೆದ್ರೆ ಹೋಯ್ತದೆ. ಹಿತ್ತಾಳೆ ಹೊಳಪಿನ ಚೂರು ಕಂಡ್ರೆ ಬುಷ್ಷು ಸವೆದದೆ ಅಂತ, ಆಗ ಎಷ್ಟು ತೊಳೆದ್ರೂ ಪ್ರಯೋಜನ ಇಲ್ಲ, ಗುಜರಿಯವನಿಗೇ ವಾಪಸ್ಸು. ಬಟ್ಟೆ ಬಿಸಿಲಿಗೆ ಹಿಡ್ಕಂಡು ಮೂರು ಜನ ಬಗ್ಗಿ ನೋಡಿದ್ವಿ. ಅತ್ತೆ ಕನ್ನಡಕ ಹಾಕ್ಕಂಡು ಬಂದ್ರು. ಒಂದು ಕಡೆ ಏನೋ ಮಿಣಕ್ ಅಂತು, ಓರಗಿತ್ತಿ ಕೈ ನಡುಗ್ತು. ಉಗುರಲ್ಲಿ ತೆಗೆದು ನೋಡಿದ್ರೆ ಅವಳ ಬಳೆಯ ಬಣ್ಣದ ಚೂರು. ಬಳೆ ಅಲ್ಲೇ ಬಿಚ್ಚಿ ಪಕ್ಕಕ್ಕಿಟ್ಟು, ತೊಳೆದ ಬಟ್ಟೆ ಹಾಕಿ ಮತ್ತೆ ಸೋಸಿದ್ಲು. ಎರಡನೇ ಲೋಟ ಕಪ್ಪು, ಮೂರನೇದು ಕಂದು, ಐದನೇದು ಹುಯ್ದಂಗೇ ತಿಳಿಯಾಗಿ ಇಳೀತು. ಹಿತ್ತಾಳೆ ಒಂದು ಚೂರೂ ಕಾಣಲಿಲ್ಲ. ಬಿಸಿಲಲ್ಲಿ ಒಣಗೋಕೆ ಬಿಟ್ಟು ಎಲ್ಲರೂ ಅವಲಕ್ಕಿ ತಿಂದ್ವಿ.

ಇನ್ನೊಂದು ಪರೀಕ್ಷೆ ಕೈಯಲ್ಲೇ ಮಾಡೋದು. ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಬೇಕು. ಅಡ್ಡಕ್ಕೆ ಒಂಚೂರು ಆಡಿದ್ರೆ ತಪ್ಪಿಲ್ಲ, ಎಣ್ಣೆ ನಿಲ್ಲೋಕೆ ಜಾಗ ಬೇಕಲ್ಲ. ಆದ್ರೆ ರೆಕ್ಕೆ ಹೋಗಿ ಶಂಖದ ಗೋಡೆಗೆ ತಾಗಬಾರದು. ಹಿಂದಕ್ಕೆ ಮುಂದಕ್ಕೆ ಎಳೆದ್ರೆ ಕೈಗೆ ಗೊತ್ತಾಗೋ ಅಷ್ಟು ಆಡಲೇಬಾರದು. ಕೈ ಬಳೆ ಹಾಕ್ಕಂಡಾಗ ಎಷ್ಟು ಸಡಿಲ ಇದ್ರೆ ಸರಿ ಅಂತ ಬಳೆಗಾರನ್ನ ಕೇಳಬೇಕಾ? ಹಂಗೇ ಇದು, ಒಂದ್ಸಲ ಒಳ್ಳೇದನ್ನೂ ಕೆಟ್ಟದ್ದನ್ನೂ ಅಕ್ಕಪಕ್ಕ ಆಡಿಸಿ ನೋಡಿದ್ರೆ ಕೈಯೇ ಹೇಳ್ತದೆ. ನಮ್ಮ ಹಳೇದು ಕಿತ್ತ ಹಲ್ಲಿನಂಗೆ ಲೊಡಲೊಡ ಅಂತಿತ್ತು.

ಒಣಗಿದ ಮೇಲೆ ಹೊಸ ಇಂಜಿನ್ ಆಯಿಲ್ಲು ಸಣ್ಣ ತೂತಿಗೆ ಬಿಟ್ಟು, ಚಕ್ರ ತಿರುಗಿಸಿ, ಗೀಟಿಗೆ ಗೀಟು ಕೂಡಿಸಿ ಜೋಡಿಸಿದ್ವಿ. ಎಲ್ಲ ತೂತಿಗೂ ಬಟ್ಟೆ ಕಟ್ಟಿ ಶುದ್ಧ ಚೀಲಕ್ಕೆ. ಆ ಬಟ್ಟೆ ಉಂಡೆಗಳನ್ನ ಎಣಿಸಿಡಿ, ಗ್ಯಾರೇಜಿನಲ್ಲಿ ತೆಗೆಯೋವಾಗಲೂ ಅಷ್ಟೇ ಬರಬೇಕು. ನಮ್ಮವು ನಾಲ್ಕು. ಕೊಳೆ ಡೀಸೆಲ್ಲು ಚರಂಡಿಗೂ ಬಿಡಲಿಲ್ಲ, ತೆಂಗಿನ ಬುಡಕ್ಕೂ ಸುರಿಯಲಿಲ್ಲ. ಹಿತ್ತಲಲ್ಲೇ ಬೋರು ಅದೆ. ಕ್ಯಾನಿಗೆ ತುಂಬಿ ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಒಯ್ದು ಹಾಕಿಸಿದ್ವಿ.

ಗ್ಯಾರೇಜಿನ ಕೆಲಸ ಉದ್ದ ಬರಿಯಲ್ಲ, ನಾಲ್ಕು ಮಾತು ಮಾತ್ರ ನೆನಪಿಟ್ಕಳಿ, ನಿಂತು ಕೇಳೋಕೆ ಬೇಕಾಯ್ತದೆ. ಇಂಜಿನ್ ಆಯಿಲ್ಲು, ಆಯಿಲ್ ಫಿಲ್ಟರು, ಗಾಳಿ ಫಿಲ್ಟರು ಮೂರೂ ಹೊಸದು. ಎಣ್ಣೆ ಪೈಪಿನ ಬಾಯಿಗೆ ಗ್ಯಾಸ್ಕೆಟ್ ಪೇಸ್ಟ್ ಬಳಿಯಬಾರದು, ಹಿಂಡಿದ್ದು ಒಳಕ್ಕೆ ಉದುರಿ ದಾರಿ ಮುಚ್ತದೆ, ಹೊಸ ವಾಷರ್ರೇ ಹಾಕಬೇಕು. ಇಂಟರ್‌ಕೂಲರು ಅಂತ ಮುಂದೆ ಒಂದು ಜಾಲರಿ ಡಬ್ಬ ಇರ್ತದೆ, ಟರ್ಬೊದಿಂದ ಬಂದ ಬಿಸಿಗಾಳಿ ತಣ್ಣಗಾಗೋ ಜಾಗ, ಅದನ್ನ ಬಿಚ್ಚಿ ಬಗ್ಗಿಸಿ ನೋಡಲೇಬೇಕು. ನಮ್ಮದರಲ್ಲಿ ಒಂದು ಲೋಟ ಹಳೇ ಆಯಿಲ್ಲು, ಜೊತೆಗೆ ಸತ್ತ ಟರ್ಬೊ ರೆಕ್ಕೆಯ ಒಂದು ಚೂರು ಬಂತು. ಆ ಚೂರು ಇಂಜಿನ್ನಿಗೆ ಹೋಗಿದ್ರೆ ಇಂಜಿನ್ನೇ ಹೋಗ್ತಿತ್ತು. ಆಯಿಲ್ಲು ಇನ್ನೂ ಕೆಟ್ಟದ್ದು. ಡೀಸೆಲ್ ಇಂಜಿನ್ನು ಗಾಳಿ ದಾರೀಲಿ ಬಂದ ಆಯಿಲ್ಲನ್ನೂ ಕುಡಿದು ಉರಿಸ್ತದೆ, ಆಗ ಕೀ ಆಫ್ ಮಾಡಿದ್ರೂ ನಿಲ್ಲಲ್ಲ, ಕೂಗ್ತಾ ಕೂಗ್ತಾ ತನ್ನನ್ನೇ ಮುರ್ಕಳ್ತದೆ. ಗಾಳಿ ಬಾಯಿ ಮುಚ್ಚಿದ್ರೆ ಮಾತ್ರ ನಿಲ್ಲೋದು. ಇದನ್ನ ಕೇಳಿದ ಮೇಲೆ ಮಡಿಕೇರಿ ಏರಲ್ಲಿ ಅವನು ಗಾಡಿ ನಿಲ್ಲಿಸಿದ್ದು ಎಂಥ ಪುಣ್ಯ ಅಂತ ಗೊತ್ತಾಯ್ತು. ಮೈದುನನ ಹೆಂಡ್ತಿ ಅವತ್ತು ಚಾಮುಂಡಿಗೆ ಹರಕೆ ಕಟ್ಕಂಡ್ಲು.

ಎಲ್ಲ ಕೂಡಿಸಿದ ಮೇಲೆ ಡೀಸೆಲ್ ಬರದಂಗೆ ಮಾಡಿ ಸೆಲ್ಫ್ ಹೊಡೆದ್ರು. ಇಂಜಿನ್ನು ಸ್ಟಾರ್ಟ್ ಆಗದೇ ಬರೀ ಸುತ್ತಬೇಕು, ಎಣ್ಣೆ ಟರ್ಬೊ ತನಕ ಬರೋ ತನಕ. ದಪ್ಪ ಪೈಪಿನಿಂದ ಎಣ್ಣೆ ವಾಪಸ್ ಇಳೀತಾ ಇರೋದನ್ನ ಅಣ್ಣ ಕಣ್ಣಲ್ಲಿ ನೋಡಿ, ಆಮೇಲೆ ಪೈಪು ಬಿಗಿದ್ರು. ಗಾಳಿ ಬಾಯಿಗೆ ಅಡ್ಡ ಹಿಡಿಯೋಕೆ ಒಂದು ಮಣೆ ಇಟ್ಕಂಡು ಹುಡುಗ ಒಬ್ಬ ನಿಂತಿದ್ದ. ಸ್ಟಾರ್ಟ್ ಮಾಡಿದ್ರು. ಹೊಗೆ! ಬೆಳ್ಳಗೆ, ನೀಲಿ, ಬ್ಯಾರನ್ನಿಗೆ ಬೆಂಕಿ ಬಿದ್ದಂಗೆ. ಓರಗಿತ್ತಿ ನನ್ನ ಕೈ ಹಿಡ್ಕಂಡ್ಲು, ಉಗುರು ಊರಿ ಗುರುತು ಬಿತ್ತು. ಅಣ್ಣ ಮಾತ್ರ ಬೀಡಿ ಕಿವಿಗೆ ಸಿಕ್ಕಿಸ್ಕಂಡು ಸುಮ್ನೆ ನಿಂತಿದ್ರು, "ಸೈಲೆನ್ಸರಲ್ಲಿ ಕೂತಿರೋ ಹಳೇ ಆಯಿಲ್ ಸುಡ್ತಾ ಅದೆ ಅಕ್ಕ, ಎಕ್ಸಲೇಟರ್ ಕೊಡಬೇಡಿ" ಅಂದ್ರು. ಹತ್ತು ನಿಮಿಷ. ಕಾಲು ಗಂಟೆ. ಹೊಗೆ ತೆಳ್ಳಗಾಗ್ತಾ ಆಗ್ತಾ ಆ ಕಡೆ ಗೋಡೆ ಮೇಲಿನ ಅಕ್ಷರ ಕಾಣೋಕೆ ಶುರುವಾಯ್ತು. ಸೀಟಿ ಇಲ್ಲ.

ಮಾರ್ಲಮಿ ಮುಗಿಸಿ, ಆಯುಧಪೂಜೇಲಿ ಗಾಡಿಗೆ ಕುಂಬಳಕಾಯಿ ಒಡೆದು, ಈಗ ಹರಾಜಿಗೆ ಬೇಲು ಹೊಡೀತಾ ಅದೆ. ಏರು ಹತ್ತಿ ಬಂದ್ರೆ ಮೈದುನ ಒಂದೆರಡು ನಿಮಿಷ ಇಂಜಿನ್ನು ಸಣ್ಣಗೆ ಓಡೋಕೆ ಬಿಟ್ಟು ಆಮೇಲೆ ಆಫ್ ಮಾಡ್ತಾನೆ. ಅವನು ಮರೆತ್ರೂ ಅವಳು ಮರೆಯಾಕಿಲ್ಲ, ಮನೆ ಮುಂದೆ ಗಾಡಿ ನಿಂತು ಸದ್ದು ತಟ್ಟನೆ ನಿಂತ್ರೆ ಒಳಗಿಂದಲೇ "ರೀ" ಅಂತಾಳೆ. ಆಯಿಲ್ ಬದಲಾಯಿಸಿದ ಕಿಲೋಮೀಟರು, ತಾರೀಕು ಅಡಿಗೆಮನೆ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಕಿನ ಕೆಳಗೆ ಬರ್ಕಂಡಿದ್ದಾಳೆ.

ಸತ್ತ ಟರ್ಬೊ ಹಿತ್ತಲಲ್ಲಿ ಬಿದ್ದಿತ್ತು. ಹೋದ ವಾರ ಗುಜರಿಯವನು ಬಂದಾಗ ತೂಕಕ್ಕೆ ಹಾಕಿದ್ವಿ, ಅಲ್ಯೂಮಿನಿಯಂ ಬೇರೆ ಕಬ್ಬಿಣ ಬೇರೆ ಮಾಡಿ ಚೌಕಾಸಿ ಮಾಡಿದ್ದು ನಮ್ಮತ್ತೆ. ಬಂದ ದುಡ್ಡು ಓರಗಿತ್ತಿ ಕೈಗೆ ಕೊಟ್ವಿ. ಸೊಸೈಟೀಲಿ ಓಲೆ ಬಿಡಿಸೋಕೆ ಇನ್ನೂ ಎರಡು ಕಂತು ಅದೆ.